ನಾಟಕ ಬರ್ದಾಯ್ತು, ಈಗ ಯಾರ ಕೈಗೆ ಕೊಡೋದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ. ಹೊಸ ನಾಟಕ ಬರ್ದಿದೀವಿ, ಹಾಡುಗಳಿರೋ ನಾಟಕ ಬರ್ದಿದೀವಿ, ಎಲ್ಲಿಗೆ ಕಳಿಸ್ಬೇಕು, ಯಾರು ಓದ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಇಷ್ಟೊಂದು ಜನ ನಾಟಕ ಬರೀತಿದಾರೆ ಅಂತ ನೋಡಿ ನಿಜವಾಗ್ಲೂ ಖುಷಿ ಆಯ್ತು, ಅದಕ್ಕೇ ಬೇರೆ ಪ್ರಶ್ನೆ ಎಲ್ಲಾ ಮುಂದಿನ ತಿಂಗಳಿಗೆ ಇಟ್ಟು ಈ ಸಂಚಿಕೇಲಿ ಬರೀ ನಾಟಕದ್ದೇ ತಗೊಂಡಿದೀನಿ.

ಪ್ರಶ್ನೆ: ಮೇಡಂ, ನಾನು ಹರಿಹರದಲ್ಲಿ ಫ್ಯಾಕ್ಟ್ರಿ ಆಫೀಸಲ್ಲಿ ಕೆಲ್ಸ ಮಾಡ್ತೀನಿ. ನಮ್ಮಜ್ಜ ದಾವಣಗೆರೆ ಹತ್ತಿ ಮಿಲ್ಲಲ್ಲಿ ದುಡಿದೋರು. ಮಿಲ್ಲು ಮುಚ್ಚಿದ ಮೇಲೆ ಒಂದು ಮನೇಲಿ ಏನೇನಾಯ್ತು ಅಂತ ಎರಡು ಗಂಟೆ ನಾಟಕ ಬರ್ದಿದೀನಿ. 4 ಕಡೆ ಪೋಸ್ಟ್ ಮಾಡ್ದೆ, ಒಬ್ರೂ ಉತ್ರ ಕೊಟ್ಟಿಲ್ಲ. ಇನ್ನೆಲ್ಲಿಗೆ ಕಳಿಸ್ಲಿ? — ಓದುಗರು, ಹರಿಹರ

ಉತ್ತರ: ಮೊದ್ಲು ಒಂದು ಮಾತು ಕೇಳ್ತೀನಿ ತಮ್ಮಾ, ಪೋಸ್ಟ್ ಮಾಡೋಕೆ ಮುಂಚೆ ಆ ನಾಟಕಾನ ಯಾರಾದ್ರೂ ಜೋರಾಗಿ ಓದಿದ್ದನ್ನ ನೀವು ಕೂತು ಕೇಳಿದೀರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿ ಇಲ್ಲ. ಕೇಳಿಲ್ಲ ಅಂದ್ರೆ ಐದನೇ ಕವರ್‌ಗೆ ಸ್ಟಾಂಪ್ ಹಚ್ಚಬೇಡಿ, ಮೊದ್ಲು ಒಂದು ಭಾನುವಾರ ಆರೇಳು ಜನಾನ ಸೇರ್ಸಿ. ನಟರೇ ಆಗ್ಬೇಕು ಅಂತಿಲ್ಲ, ಮಿಲ್ಲಲ್ಲಿ ದುಡಿದ ಒಬ್ರು ಹಿರಿಯರು ಇದ್ರೆ ಇನ್ನೂ ಒಳ್ಳೇದು. ಪಾತ್ರ ಹಂಚಿ, ಗಡಿಯಾರ ಇಟ್ಟು, ನೀವು ಬಾಯಿ ಬಿಡದೆ ಮೂಲೇಲಿ ಕೂತು ಕೇಳಿ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಂದೇ ಒಂದು ನಾಟಕಾನ ಹಳೇ ಪೇಟೆಯ ಒಂದು ಮಹಡಿ ರೂಮಲ್ಲಿ ಹಿಂಗೇ ಓದಿದ್ವಿ. ಮಧ್ಯದಲ್ಲಿ ಪೇಪರ್ ಮೇಲೆ ಮಂಡಕ್ಕಿ ಸುರಿದಿತ್ತು, ಫ್ಯಾನ್ ಹಾಕಿದ್ರೆ ಹಾಳೆ ಹಾರ್ತವೆ ಅಂತ ಫ್ಯಾನ್ ಬಂದ್ ಮಾಡಿದ್ವಿ. ಮಗ ಊರು ಬಿಟ್ಟು ಹೊರಡೋ ದೃಶ್ಯದಲ್ಲಿ ತಾಯಿಗೆ ನಾನು ಹತ್ತು ಸಾಲಿನ ಮಾತು ಬರ್ದಿದ್ದೆ, ಇಡೀ ನಾಟಕದಲ್ಲಿ ಅದೇ ಜೀವ ಅಂದ್ಕೊಂಡಿದ್ದೆ. ತಾಯಿ ಪಾತ್ರ ಓದ್ತಿದ್ದ ಕಲಾವಿದೆ, ಊರೂರು ಸುತ್ತೋ ನಾಟಕ ಕಂಪನಿಗಳಲ್ಲಿ ದುಡಿದು ಬಂದ ಹಿರಿಯರು, ನಾಲ್ಕನೇ ಸಾಲಿಗೆ ನಿಲ್ಸಿದ್ರು. "ಈ ಮಾತು ನನ್ನ ಬಾಯಿಗೆ ಬರ್ತಿಲ್ಲ ಕಣಮ್ಮ, ಹೆತ್ತೋಳು ಈ ಹೊತ್ನಲ್ಲಿ ಇಷ್ಟು ಮಾತಾಡಲ್ಲ, ಅವನು ಉಂಡು ಬಿಟ್ಟ ತಟ್ಟೆ ಎತ್ಕೊಂಡು ಒಳಗೆ ಹೋಗ್ತಾಳೆ" ಅಂದ್ರು. ಹತ್ತೂ ಸಾಲು ಹೊಡೆದು ಹಾಕಿದೆ. ಮುಂದೆ ಆ ನಾಟಕ ಆಡಿದಾಗ ಜನ ಕಣ್ಣು ಒರೆಸ್ಕೊಂಡಿದ್ದು ಆ ತಟ್ಟೆ ಎತ್ಕೊಂಡು ಹೋಗೋ ಜಾಗದಲ್ಲೇ. ನಾನೊಬ್ಳೇ ಟೇಬಲ್ ಮುಂದೆ ಕೂತು ಹತ್ತು ವರ್ಷ ತಿದ್ದಿದ್ರೂ ಅದು ನನಗೆ ಹೊಳೀತಿರ್ಲಿಲ್ಲ.

ಈಗ ಎಲ್ಲಿಗೆ ಅನ್ನೋದು. ನಿಮಗೆ ಹತ್ರದಲ್ಲೇ ಸಾಣೇಹಳ್ಳಿ ಇದೆ, ಹೊಸದುರ್ಗ ತಾಲೂಕು. ಅಲ್ಲಿನ ಶಿವಕುಮಾರ ಕಲಾಸಂಘದ ಶಿವಸಂಚಾರ ತಂಡ 1997ರಿಂದ ಪ್ರತಿ ವರ್ಷ ಹೊಸದಾಗಿ ಮೂರು ನಾಟಕ ಕಟ್ಕೊಂಡು ರಾಜ್ಯ ಸುತ್ತುತ್ತೆ. ನವೆಂಬರಲ್ಲಿ ಅಲ್ಲಿ ನಾಟಕೋತ್ಸವ. ನವೆಂಬರ್‌ಗೆ ನಾಟಕ ರೆಡಿ ಆಗ್ಬೇಕು ಅಂದ್ರೆ ಮಳೆಗಾಲದಲ್ಲಿ ತಾಲೀಮು ನಡೀಬೇಕು, ತಾಲೀಮು ಶುರು ಆಗೋಕೆ ಮುಂಚೆ ಯಾವ ನಾಟಕ ಅಂತ ತೀರ್ಮಾನ ಆಗ್ಬೇಕು, ಅಂದ್ರೆ ನಿಮ್ಮ ಸ್ಕ್ರಿಪ್ಟ್ ಬೇಸಿಗೇಲೇ ಅವರ ಕೈಲಿರ್ಬೇಕು. ಸೆಪ್ಟೆಂಬರಲ್ಲಿ ಕಳಿಸಿ ಉತ್ರ ಬರ್ಲಿಲ್ಲ ಅಂದ್ರೆ ಅದು ನಾಟಕದ ತಪ್ಪಲ್ಲ, ತಿಂಗಳಿನ ತಪ್ಪು. ಹೆಗ್ಗೋಡಿನ ನೀನಾಸಂ ಸಂಸ್ಥೆಯ ಊರೂರು ಸುತ್ತೋ ತಂಡ ತಿರುಗಾಟಾನೂ ಅಷ್ಟೇ, 1985ರಿಂದ ನಡೀತಿದೆ, ಅಲ್ಲೂ ಮಳೆಗಾಲ ಅಂದ್ರೆ ತಾಲೀಮಿನ ಕಾಲ. ಸರ್ಕಾರದ ನಾಟಕ ಸಂಸ್ಥೆಗಳಾದ ರಂಗಾಯಣಗಳು ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಯಲ್ಲಿವೆ, ಮತ್ತೆ ನಮ್ಮ ದಾವಣಗೆರೆಗೇ ವೃತ್ತಿ ರಂಗಭೂಮಿ ರಂಗಾಯಣ ಬಂದಿದೆ. ಈ ಎಲ್ಲಾ ಕಡೆ ನೀವು ತಿಳ್ಕೋಬೇಕಾದ್ದು ಏನಂದ್ರೆ ನಾಟಕ ಯಾವ್ದು ಅನ್ನೋದರಲ್ಲಿ ನಿರ್ದೇಶಕರ ಮಾತಿಗೆ ತೂಕ ಜಾಸ್ತಿ. ಸಂಸ್ಥೆಯ ವಿಳಾಸಕ್ಕೆ ಕಳಿಸಿ, ಜೊತೆಗೆ ಯಾವ ನಿರ್ದೇಶಕರ ಕೆಲ್ಸ ನೋಡಿ ನಿಮಗೆ ಇವರು ನನ್ನ ಮಿಲ್ಲಿನ ಕಥೆ ಕಟ್ತಾರೆ ಅನ್ಸುತ್ತೋ ಅವರಿಗೇ ಒಂದು ಕಾಪಿ ಕೊಡಿ.

ಪಾತ್ರ ಎಷ್ಟು ಅಂತ ನೀವು ಬರ್ದಿಲ್ಲ. ತಿರುಗೋ ತಂಡಕ್ಕೆ ಒಂದೇ ಬಸ್ಸಲ್ಲಿ ಜನಾನೂ ಸಾಮಾನೂ ಹೋಗ್ಬೇಕು, ಇರೋ ಅದೇ ಹತ್ತು ಹದಿನೈದು ಜನಾನೇ ಎಲ್ಲಾ ನಾಟಕಾನೂ ಆಡ್ಬೇಕು. 40 ಪಾತ್ರ ಇದ್ರೆ ಒಬ್ಬರೇ ಮೂರು ಪಾತ್ರ ಮಾಡೋ ಹಂಗೆ ದೃಶ್ಯ ಜೋಡ್ಸಿ, ಅದನ್ನ ಮೊದಲ ಪುಟದಲ್ಲೇ ಹೇಳಿ. ಆ ಮೊದಲ ಪುಟ ಬಹಳ ಮುಖ್ಯ: ಕಥೆ ಎಂಟತ್ತು ಸಾಲಲ್ಲಿ, ಗಂಡು ಪಾತ್ರ ಎಷ್ಟು ಹೆಣ್ಣು ಪಾತ್ರ ಎಷ್ಟು, ಓದಿದಾಗ ಎಷ್ಟು ನಿಮಿಷ ಆಯ್ತು, ಹಾಡು ಎಷ್ಟು, ಈ ಮುಂಚೆ ಎಲ್ಲಾದ್ರೂ ಆಡಿದಾರಾ, ನಿಮ್ಮ ಫೋನ್ ನಂಬರ್. ನಿಮ್ಮ ಬಗ್ಗೆ ಎರಡು ಸಾಲು ಸಾಕು, ಆದ್ರೆ ಅಜ್ಜ ಮಿಲ್ಲಲ್ಲಿದ್ರು ಅನ್ನೋ ಸಾಲು ಬಿಡಬೇಡಿ.

ಇನ್ನೊಂದು, ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡ್ಸಿ ವರ್ಡ್ ಫೈಲ್ ಹಂಗೇ ಕಳಿಸ್ಬೇಡಿ. ಅವರ ಫೋನಲ್ಲಿ ಆ ಫಾಂಟ್ ಇಲ್ದಿದ್ರೆ ನಿಮ್ಮ ನಾಟಕ ಪೂರ್ತಿ ಇಂಗ್ಲಿಷ್ ಅಕ್ಷರದ ರಾಶಿ ಆಗಿ ಕಾಣುತ್ತೆ, ಯಾರು ತಾನೇ ಓದ್ತಾರೆ. ಪಿಡಿಎಫ್ ಮಾಡ್ಸಿ, ಅಥವಾ ಯೂನಿಕೋಡಲ್ಲಿ ಟೈಪ್ ಮಾಡಿ, ಮತ್ತೆ ಕಳಿಸೋಕೆ ಮುಂಚೆ ಬೇರೆಯವರ ಫೋನಲ್ಲಿ ಒಂದ್ಸಲ ತೆಗೆದು ನೋಡಿ.

ಪ್ರಶ್ನೆ: ನಮ್ಮೂರ ಜಾತ್ರೆಗೆ ಪ್ರತಿ ವರ್ಷ ನಾಟಕ ಆಡ್ತೀವಿ. ಈಗ ನಾನೇ 14 ಹಾಡಿರೋ ಸಂಗೀತ ನಾಟಕ ಬರ್ದಿದೀನಿ. ಹಾಡುಗಳಿಗೆ ಸಿನಿಮಾ ಧಾಟಿ ಹಾಕಿದೀನಿ. ಇದನ್ನ ಡ್ರಾಮಾ ಕಂಪನಿಗೆ ಕೊಡಬೋದಾ? ಹಾಡನ್ನ ಹೆಂಗೆ ಕಳಿಸೋದು? — ಓದುಗರು, ಜಗಳೂರು

ಉತ್ತರ: ಸಿನಿಮಾ ಧಾಟಿ ತೆಗೆದುಬಿಡಿ ಅಣ್ಣಾ. ಆ ಟ್ಯೂನ್ ಬೇರೆಯವರ ಸ್ವತ್ತು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಅದಕ್ಕಿಂತ ದೊಡ್ಡದು, ಹಾಡು ಶುರು ಆದ ತಕ್ಷಣ ಜನಕ್ಕೆ ಆ ಸಿನಿಮಾದ ಹೀರೋ ಹೀರೋಯಿನ್ ಕಣ್ಮುಂದೆ ಬರ್ತಾರೆ, ನಿಮ್ಮ ಪಾತ್ರ ಮಾಯ ಆಗುತ್ತೆ. ಜಗಳೂರು ಕಡೆ ಸೋಬಾನೆ ಹಾಡೋರು, ಭಜನೆ ಮೇಳದೋರು, ಕೋಲಾಟದೋರು ಇಷ್ಟೊಂದು ಜನ ಇದಾರೆ, ಒಬ್ರನ್ನ ಕೂರಿಸ್ಕೊಂಡು ಅವರ ಬಾಯಲ್ಲಿರೋ ಮಟ್ಟು ಕೇಳಿ. ಹಳೇ ಜನಪದ ಮಟ್ಟಿಗೆ ಯಾರ ಅಪ್ಪಣೆನೂ ಬೇಕಿಲ್ಲ, ವಚನಗಳಿಗೂ ದಾಸರ ಪದಗಳಿಗೂ ಅಷ್ಟೇ, ಆದ್ರೆ ಅದಕ್ಕೆ ಯಾರೋ ಈಚೆಗೆ ಹೊಸದಾಗಿ ಹಾಕಿರೋ ರಾಗ ಸಂಯೋಜನೆ ಅವರದ್ದು, ಅದನ್ನ ಹಂಗೇ ಎತ್ಕೋಬೇಡಿ.

14 ಹಾಡಲ್ಲಿ ಎಷ್ಟು ಉಳೀತವೆ ಅಂತ ಹಾರ್ಮೋನಿಯಂ ಮೇಷ್ಟ್ರು ಮುಂದೆ ಕೂತಾಗ ಗೊತ್ತಾಗುತ್ತೆ. ನಾನು ನೋಡಿದ ಒಬ್ರು ಹಿರಿಯ ಮೇಷ್ಟ್ರು ಹಾಡಿನ ಹಾಳೆ ಕೈಗೆ ಕೊಟ್ರೆ ಓದ್ತಾನೇ ಇರ್ಲಿಲ್ಲ, ಕಾಲು ಹಾರ್ಮೋನಿಯಂ ತುಳೀತಾ "ಇದನ್ನ ಯಾರು ಹಾಡೋದು, ಆ ಹುಡುಗೀನ ಕರೀರಿ" ಅಂತಿದ್ರು. ಆಕೆಗೆ ಕಪ್ಪು ಎರಡರ, ಅಂದ್ರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಶ್ರುತಿ ಸಾಕಾಗುತ್ತಾ ಇಲ್ವಾ ನೋಡಿ, ಆಮೇಲೆ ಅದರ ಹಿಂದಿನ ಮಾತು ಹೇಳ್ಸೋರು, ಮಾತಿಂದ ಹಾಡಿಗೆ ಹೋಗೋವಾಗ ಆಕೆ ಉಸಿರು ಎಲ್ಲಿ ತಗೋತಾಳೆ ಅಂತ ನೋಡೋರು, ಆಮೇಲೇನೇ ರಾಗ. ಮೂರು ನುಡಿ ಇದ್ದಿದ್ದನ್ನ ಒಂದಕ್ಕೆ ಇಳ್ಸೋರು. "ಕಥೆ ಇಲ್ಲಿ ನಿಂತ್ಕೊಂಡು ಕಾಯ್ತಿದೆ, ಬೇಗ ಬಿಟ್ಕೊಡಿ" ಅನ್ನೋರು. ಹಾಡಿಂದ ಕಥೆ ಮುಂದಕ್ಕೆ ಹೋಗ್ಬೇಕು, ಇಲ್ಲಾ ಪಾತ್ರದ ಮನಸ್ಸು ತಿರುಗ್ಬೇಕು. ಎರಡೂ ಆಗ್ಲಿಲ್ಲ ಅಂದ್ರೆ ಆ ಹಾಡು ಎಷ್ಟೇ ಚಂದ ಇದ್ರೂ ತೆಗೀಬೇಕು.

ಕಳಿಸೋದು ಈಗ ಸುಲಭ. ಮೊಬೈಲಲ್ಲಿ ರೆಕಾರ್ಡ್ ಮಾಡಿ, ಸ್ಟುಡಿಯೋ ಏನೂ ಬೇಡ, ಒಂದು ಹಾರ್ಮೋನಿಯಂ, ಒಂದು ತಬಲಾ, ಒಂದು ದನಿ. ಮೂರೋ ನಾಲ್ಕೋ ಹಾಡು ಸಾಕು, ಒಂದೊಂದರ ಶುರುವಲ್ಲಿ ಇದು ಯಾವ ಜಾಗದಲ್ಲಿ ಬರುತ್ತೆ ಅಂತ ಒಂದು ಸಾಲು ಬಾಯಲ್ಲೇ ಹೇಳಿ. ಸ್ಕ್ರಿಪ್ಟ್ ಮೇಲೆ ಮಾತು ಯಾರದ್ದು, ಹಾಡಿನ ಸಾಹಿತ್ಯ ಯಾರದ್ದು, ರಾಗ ಹಾಕಿದ್ದು ಯಾರು ಅಂತ ಮೂರೂ ಹೆಸರು ಬೇರೆ ಬೇರೆ ಬರೀರಿ. ಮೇಷ್ಟ್ರು ಹೆಸರು ಬಿಟ್ಟು ಕಳಿಸ್ಬೇಡಿ, ದಯವಿಟ್ಟು. ಎಷ್ಟೋ ಊರಲ್ಲಿ ಆ ಜನ 30 ವರ್ಷ ರಾಗ ಹಾಕಿ ಒಂದು ಪೋಸ್ಟರಲ್ಲೂ ಹೆಸರಿಲ್ದೆ ಹೋಗಿದಾರೆ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಕಂಪನಿಗೆ ಕೊಡೋದಾದ್ರೆ ಪೋಸ್ಟ್ ಮಾಡೋ ಮಾತೇ ಇಲ್ಲ, ಕ್ಯಾಂಪ್ ಎಲ್ಲಿ ಹಾಕಿದಾರೋ ಅಲ್ಲಿಗೇ ಹೋಗ್ಬೇಕು. ನಮ್ಮ ದಾವಣಗೆರೆ ಕಂಪನಿ ನಾಟಕದ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ಊರು, ಇಲ್ಲಿನ ಜನಕ್ಕೆ ಕಂಪನಿ ನಾಟಕ ಅಂದ್ರೆ ಏನು ಅಂತ ಹೇಳ್ಕೊಡ್ಬೇಕಾಗಿಲ್ಲ. ಬಾದಾಮಿ ಬನಶಂಕರಿ ಜಾತ್ರೆಗೆ ಹೋದ್ರೆ ಎಷ್ಟೋ ಕಂಪನಿಗಳು ಒಂದೇ ಕಡೆ ಸಿಗ್ತವೆ. ಆದ್ರೆ ರಾತ್ರಿ ಆಟದ ಗದ್ದಲದಲ್ಲಿ ಮಾಲೀಕರ ಕೈಗೆ ಸ್ಕ್ರಿಪ್ಟ್ ತುರುಕಬೇಡಿ. ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ, ಕಲಾವಿದರು ಎದ್ದು ಟೀ ಕುಡೀತಾ ಇರ್ತಾರೆ, ಎರಡು ದೃಶ್ಯ ಓದ್ತೀನಿ ಕೇಳಿ ಅಂತ ಕೇಳ್ಕೊಳ್ಳಿ. ಸಂಜೆ 6.15ಕ್ಕೊಂದು, ರಾತ್ರಿ 9.15ಕ್ಕೊಂದು ಆಟ ಅಂದ್ರೆ ಮೊದಲ ಆಟದ ಜನ ಎದ್ದು ಹೋಗಿ ಎರಡನೇ ಆಟದ ಜನ ಕೂರೋಕೂ ಟೈಮ್ ಬೇಕು, ಹಂಗಾಗಿ ನಿಮ್ಮ ನಾಟಕ ಎರಡೂವರೆ ಗಂಟೆ ದಾಟಿದ್ರೆ ಅವರು ಕೇಳೋಕೆ ಮುಂಚೆನೇ ಕೈ ಮುಗೀತಾರೆ. ಹಾಸ್ಯದ ಪಾತ್ರ ಇದೆಯಾ ಅಂತ ಕೇಳೇ ಕೇಳ್ತಾರೆ. ಇರ್ಲಿ, ಆದ್ರೆ ಅದು ಕಥೆಗೆ ಅಂಟ್ಕೊಂಡಿರ್ಲಿ, ಹೆಂಗಸರು ಮಕ್ಕಳು ಕೂತು ನೋಡೋ ಹಂಗಿರ್ಲಿ. ಪಿ.ಬಿ. ಧುತ್ತರಗಿಯವರು ಕಂಪನಿ ರಂಗಭೂಮಿಗೆ ಬರ್ದಿದ್ದ "ಸಂಪತ್ತಿಗೆ ಸವಾಲ್" ನಾಟಕನೇ 1974ರಲ್ಲಿ ರಾಜ್‌ಕುಮಾರ್ ಅವರ ಸಿನಿಮಾ ಆಗಿದ್ದು. ಡೇರೆಯಲ್ಲಿ ಆಡೋ ನಾಟಕ ಅಂದ್ರೆ ಕೀಳು ಅಂತ ಯಾರಾದ್ರೂ ಅಂದ್ರೆ ಇದನ್ನ ಹೇಳಿ.

ಪ್ರಶ್ನೆ: ನಾಟಕದ ಪುಸ್ತಕ ಕಲಿಸೋಕೆ ಅಂತ ಒಬ್ರಿಗೆ ಕೊಟ್ಟಿದ್ದೆ, ಬೇರೆ ಊರಲ್ಲಿ ಅದೇ ನಾಟಕ ಬೇರೆ ಹೆಸರಲ್ಲಿ ಆಡಿದಾರೆ. ಇನ್ಮೇಲೆ ಯಾರಿಗೂ ಕಳಿಸೋಕೇ ಭಯ. ಏನು ಮಾಡ್ಲಿ? — ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ, ಯಾಕಂದ್ರೆ ನಂಗೂ ಆಗಿದೆ. ಒಂದೂರಿನ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನನ್ನ ನಾಟಕದ ಪೋಸ್ಟರ್ ನೋಡ್ದೆ, ರಚನೆ ಅಂತ ಇದ್ದ ಕಡೆ ಬೇರೆ ಯಾರದ್ದೋ ಹೆಸರು. ಬಸ್ ಬಂದ್ರೂ ಹತ್ತೋಕಾಗ್ಲಿಲ್ಲ, ಸುಮ್ನೆ ನಿಂತಿದ್ದೆ.

ಆದ್ರೆ ಭಯಕ್ಕೆ ಬೀಗ ಹಾಕಿ ಇಟ್ರೆ ನಾಟಕ ಸತ್ತ ಹಾಗೆ. ಕಾನೂನು ನಿಮ್ಮ ಕಡೆ ಇದೆ, ಅದನ್ನ ತಿಳ್ಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು, ನೋಂದಣಿ ಮಾಡ್ಸಿದ್ರೇನೇ ಹಕ್ಕು ಅಂತಿಲ್ಲ. ನೀವಿರೋವರೆಗೂ, ಆಮೇಲೆ ಇನ್ನೂ 60 ವರ್ಷ. ಆದ್ರೂ ನೋಂದಣಿ ಮಾಡ್ಸಿದ್ರೆ ಜಗಳ ಬಂದಾಗ ಕೈಯಲ್ಲೊಂದು ಕಾಗ್ದ ಇರುತ್ತೆ. ಆನ್‌ಲೈನಲ್ಲೇ ಅರ್ಜಿ, ನಾಟಕಕ್ಕೆ ಶುಲ್ಕ 500 ರೂಪಾಯಿ, ಅರ್ಜಿ ಹಾಕಿ ಡೈರಿ ನಂಬರ್, ಅಂದ್ರೆ ಅರ್ಜಿಯ ಕ್ರಮಸಂಖ್ಯೆ ಬಂದ ಮೇಲೆ ಯಾರಾದ್ರೂ ತಕರಾರು ತೆಗೀತಾರಾ ಅಂತ 30 ದಿನ ಕಾಯ್ತಾರೆ, ಆಮೇಲೆ ಪರಿಶೀಲನೆ. ನಮ್ಮ ಕಡೆ ಊರ ಜಾತ್ರೆಗೆ ಒಂದು ಸೀನರಿ ಬಾಡಿಗೆ ತರೋ ದುಡ್ಡಿನ ಮುಂದೆ ಈ 500 ಏನೂ ಅಲ್ಲ.

ಒಂದು ವಿಷ್ಯ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹವ್ಯಾಸಿ ಸಂಘದವರು ಟಿಕೆಟ್ ಇಡದೆ ಜನಕ್ಕೆ ಆಡಿ ತೋರ್ಸಿದ್ರೆ ಅಷ್ಟಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹಂಗಾಗಿ ಆ ಊರೋರು ಪುಕ್ಕಟೆ ಆಡಿದ್ರು ಅಂತ ದುಡ್ಡು ಕೇಳೋಕೆ ಹೋದ್ರೆ ನಿಲ್ಲಲ್ಲ. ಆದ್ರೆ ಹೆಸರಿನ ವಿಷ್ಯ ಬೇರೆ. ಇದು ನಂದು ಅಂತ ಹೇಳ್ಕೊಳ್ಳೋ ಹಕ್ಕು, 57ನೇ ಕಲಮು, ನೀವು ನಾಟಕದ ಹಕ್ಕನ್ನೇ ಮಾರಿದ್ರೂ ನಿಮ್ಮತ್ರನೇ ಉಳಿಯುತ್ತೆ. ಮೊದ್ಲು ಆ ಸಂಘದವರಿಗೆ ಸ್ಪೀಡ್ ಪೋಸ್ಟಲ್ಲಿ ಒಂದು ಮರ್ಯಾದೆಯ ಪತ್ರ ಬರೀರಿ, ಪೋಸ್ಟರಿನ ಫೋಟೋ ಲಗತ್ತಿಸಿ. ಊರ ಕಡೆ ಬಹಳಷ್ಟು ಸಲ ಮೋಸ ಮಾಡ್ಬೇಕು ಅಂತ ಮಾಡಿರಲ್ಲ, ನಾಟಕದ ಮೇಷ್ಟ್ರು ಕೊಟ್ಟಿದ್ದನ್ನ ನಂಬಿರ್ತಾರೆ, ಹೇಳಿದ್ರೆ ತಿದ್ಕೋತಾರೆ.

ಇನ್ನು ಮುಂದೆ ಯಾರಿಗಾದ್ರೂ ಹಕ್ಕು ಬರ್ಕೊಡೋವಾಗ ಎಷ್ಟು ವರ್ಷಕ್ಕೆ, ಆಡೋಕೆ ಮಾತ್ರಾನಾ, ಅಚ್ಚು ಹಾಕೋಕೂನಾ, ಒಂದು ಆಟಕ್ಕೆ ಎಷ್ಟು, ಎಲ್ಲಾ ಕಾಗದದ ಮೇಲೆ ಇರ್ಲಿ. ವರ್ಷ ಬರೀದೇ ಬಿಟ್ರೆ ಕಾನೂನು ಅದನ್ನ 5 ವರ್ಷ ಅಂತ ತಗೊಳ್ಳುತ್ತೆ. "ಸರ್ವ ಹಕ್ಕುಗಳನ್ನು ಶಾಶ್ವತವಾಗಿ" ಅಂತ ಯಾರಾದ್ರೂ ಟೈಪ್ ಮಾಡ್ಕೊಂಡು ಬಂದ್ರೆ ಸಹಿ ಹಾಕ್ಬೇಡಿ, ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ.

ಪ್ರಶ್ನೆ: ನಾನು ಚಳ್ಳಕೆರೆಯಲ್ಲಿ ಬಿ.ಎ. ಓದ್ತಿದೀನಿ. ಒಂದು ಏಕಾಂಕ ಬರ್ದಿದೀನಿ, 25 ನಿಮಿಷ. ದೊಡ್ಡ ಸಂಸ್ಥೆಗಳು ನನ್ನಂಥೋರದ್ದು ಓದ್ತಾರಾ? — ಓದುಗರು, ಚಳ್ಳಕೆರೆ

ಉತ್ತರ: ಓದ್ತಾರೆ ತಂಗಿ. ಗಿರೀಶ್ ಕಾರ್ನಾಡರ ಮೊದಲ ನಾಟಕ "ಯಯಾತಿ"ಯನ್ನ ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅಚ್ಚು ಹಾಕಿದಾಗ ಅವರಿಗೆ ಇಪ್ಪತ್ಮೂರೇ ವರ್ಷ. ವಯಸ್ಸು ಕೇಳಿ ಯಾರೂ ಹಾಳೆ ಮಡಚಿಡಲ್ಲ.

25 ನಿಮಿಷ ಅನ್ನೋದು ನಿಮಗೆ ಅನುಕೂಲ. ನಿಮ್ಮ ಕಾಲೇಜು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಯುವಜನೋತ್ಸವದಲ್ಲಿ ಏಕಾಂಕಕ್ಕೆ ಸಾಮಾನ್ಯವಾಗಿ 30 ನಿಮಿಷದ ಮಿತಿ. ಪ್ರತಿ ವರ್ಷ ಕಾಲೇಜುಗಳು ಅದೇ ನಾಲ್ಕೈದು ಹಳೇ ಏಕಾಂಕಗಳನ್ನ ಎತ್ಕೊಂಡು ಬರ್ತವೆ, ತೀರ್ಪುಗಾರರಿಗೆ ಮುಂದಿನ ಮಾತು ಬಾಯಿಪಾಠ ಇರುತ್ತೆ. ನಮ್ಮ ಹುಡುಗಿ ಬರೆದ ಹೊಸ ನಾಟಕ ಅಂತ ನಿಮ್ಮ ಸಾಂಸ್ಕೃತಿಕ ವಿಭಾಗದ ಮೇಷ್ಟ್ರಿಗೆ ನೀವೇ ಹೋಗಿ ಹೇಳಿ, ನಾಚ್ಕೋಬೇಡಿ.

ಇನ್ನೊಂದು ದಾರಿ ರೇಡಿಯೋ. ಚಿತ್ರದುರ್ಗದಲ್ಲೇ ಆಕಾಶವಾಣಿ ಕೇಂದ್ರ ಇದೆ. ಆದ್ರೆ ರಂಗದ ನಾಟಕ ಹಂಗೇ ಕೊಟ್ರೆ ಆಗಲ್ಲ, ಕಣ್ಣಿಗೆ ಕಾಣೋದೆಲ್ಲಾ ಕಿವಿಗೆ ಬರ್ಬೇಕು. "ಕೋಪದಿಂದ ನೋಡುತ್ತಾಳೆ" ಅಂತ ಬರೆದ್ರೆ ರೇಡಿಯೋದಲ್ಲಿ ಯಾರಿಗೆ ಕಾಣುತ್ತೆ? ಬಿಂದಿಗೆ ಕುಕ್ಕಿದ ಸದ್ದು, ಬಾಗಿಲ ಅಗಣಿ, ದೂರದಲ್ಲಿ ಕುರಿ ಮಂದೆ, ಚಳ್ಳಕೆರೆ ಕಡೆಯೋಳಿಗೆ ಇದನ್ನ ನಾನು ಹೇಳ್ಬೇಕಾ. ಪಾತ್ರ ಐದಾರಕ್ಕೆ ಇಳ್ಸಿ, ದನಿ ಒಂದಕ್ಕೊಂದು ಬೇರೆ ಇರೋ ಹಂಗೆ.

ಹೆಚ್ಚು ಏಕಾಂಕ ಆದ ಮೇಲೆ ಪುಸ್ತಕ ಮಾಡಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ 18ರಿಂದ 35 ವರ್ಷದ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ, ಪ್ರಕಟಣೆ ಬಂದಾಗ ಹಸ್ತಪ್ರತಿ ಕಳಿಸ್ಬೇಕು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ವರ್ಷದ ಬಹುಮಾನಗಳಲ್ಲಿ ನಾಟಕಕ್ಕೂ ಜಾಗ ಇದೆ, ಆದ್ರೆ ಅದು ಅಚ್ಚಾದ ಪುಸ್ತಕಕ್ಕೆ. ಹಸ್ತಪ್ರತಿ ಕೇಳೋರು ಯಾರು, ಪುಸ್ತಕ ಕೇಳೋರು ಯಾರು, ಆಡಿದ ನಾಟಕ ಕೇಳೋರು ಯಾರು ಅನ್ನೋದನ್ನ ಗೊಂದಲ ಮಾಡ್ಕೊಂಡು ಬಹಳ ಜನ ವರ್ಷಗಟ್ಲೆ ಕಳೀತಾರೆ. ದೆಹಲಿಯ ಭಾರತ ರಂಗ ಮಹೋತ್ಸವ, ಮಹೀಂದ್ರಾ ಕಂಪನಿಯವರು ನಾಟಕಗಳಿಗೆ ಕೊಡೋ ಮೆಟಾ ಪ್ರಶಸ್ತಿ, ಇವೆಲ್ಲಾ ತಂಡ ಆಡಿದ ನಾಟಕದ ವಿಡಿಯೋ ನೋಡಿ ಆರಿಸೋವು, ಬರೀ ಸ್ಕ್ರಿಪ್ಟ್ ಕಳಿಸಿದ್ರೆ ಉಪಯೋಗ ಇಲ್ಲ. ಮೆಟಾದಲ್ಲಿ ಮೂಲ ನಾಟಕ ರಚನೆಗೇ ಅಂತ ಬೇರೆ ಪ್ರಶಸ್ತಿ ಇದೆ, ಅದನ್ನ ನೆನಪಿಟ್ಕೊಳ್ಳಿ, ನಿಮ್ಮ ತಂಡಕ್ಕೂ ಹೇಳಿ.

ಪ್ರಶ್ನೆ: ನಾಟಕ ಸ್ಪರ್ಧೆ ಅಂತ ವಾಟ್ಸಾಪಲ್ಲಿ ಬಂತು, ಪ್ರವೇಶ ಶುಲ್ಕ 2,000 ಕೇಳ್ತಿದಾರೆ. ಕಟ್ಲಾ? — ಓದುಗರು, ಹೊನ್ನಾಳಿ

ಉತ್ತರ: ಕಟ್ಟಬೇಡಿ. ತೀರ್ಪುಗಾರರು ಯಾರು, ಹೋದ ವರ್ಷ ಗೆದ್ದ ನಾಟಕ ಯಾವ್ದು, ಗೆದ್ದರೆ ಆಡಿಸ್ತೀರಾ, ಹಕ್ಕು ಯಾರತ್ರ ಇರುತ್ತೆ, ಈ ನಾಲ್ಕು ಕೇಳಿ ನೋಡಿ. ಉತ್ರ ಬಂದ್ರೂ 2,000 ಜಾಸ್ತಿನೇ.

ಪ್ರಶ್ನೆ: ನನ್ನ ಕನ್ನಡ ನಾಟಕಾನ ಇಂಗ್ಲಿಷಿಗೆ ಅನುವಾದ ಮಾಡ್ಸಿ ಅಮೆರಿಕದ ಸ್ಪರ್ಧೆಗೆ ಕಳಿಸ್ಬೋದಾ? — ಓದುಗರು, ದಾವಣಗೆರೆ

ಉತ್ತರ: ಪ್ರತಿ ಸ್ಪರ್ಧೆಯ ನಿಯಮದಲ್ಲಿ ಅನುವಾದದ ಸಾಲು ಹುಡುಕಿ ಮೊದ್ಲು ಅದನ್ನೇ ಓದಿ. ಯೇಲ್ ಡ್ರಾಮಾ ಸೀರೀಸ್ ಅಂತ ಹೆಸರುವಾಸಿ ಬಹುಮಾನ ಇದೆ, 10,000 ಡಾಲರ್, ಜೊತೆಗೆ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಪುಸ್ತಕ. ಬೇರೆ ದೇಶದೋರೂ ಕಳಿಸ್ಬೋದು, ಆದ್ರೆ ಇಂಗ್ಲಿಷಲ್ಲೇ ಬರೆದ ಪೂರ್ಣ ನಾಟಕ ಆಗಿರ್ಬೇಕು, ಅನುವಾದಾನೂ ಸಂಗೀತ ನಾಟಕಾನೂ ತಗೊಳ್ಳಲ್ಲ. ಕಳಿಸೋ ಪ್ರತಿಯಲ್ಲಿ ಹೆಸರು ತೆಗೆದು ಕಳಿಸಿ ಅಂತ ಎಷ್ಟೋ ಕಡೆ ಕೇಳ್ತಾರೆ, ಓದೋರಿಗೆ ಬರೆದೋರು ಯಾರು ಅಂತ ಗೊತ್ತಾಗಬಾರ್ದು ಅಂತ. ಪ್ರತಿ ಪುಟದ ಮೇಲೆ ಹೆಸರು ಹಾಕೋ ಅಭ್ಯಾಸ ಇದ್ರೆ ಅಲ್ಲಿ ನೋಡ್ಕೊಳ್ಳಿ.

ನನ್ನ ಮನಸ್ಸಿನ ಮಾತು ಕೇಳಿದ್ರೆ, ನಿಮ್ಮ ನಾಟಕ ಕನ್ನಡದಲ್ಲಿ ಹತ್ತು ಸಲ ಆಡಿದ ಮೇಲೆ ಅನುವಾದಕ್ಕೆ ಕೊಡಿ. ದಾವಣಗೆರೆ ಜನ ಎಲ್ಲಿ ಸುಮ್ಮನಾದ್ರು, ಎಲ್ಲಿ ಕೆಮ್ಮಿದ್ರು ಅನ್ನೋದು ಗೊತ್ತಾದ ನಾಟಕನೇ ಅನುವಾದಕರ ಕೈಗೆ ಹೋಗ್ಬೇಕು.

ಪ್ರಶ್ನೆ: ಒಂದು ತಂಡಕ್ಕೆ ನಾಟಕ ಕೊಟ್ಟು 8 ತಿಂಗಳಾಯ್ತು. ಫೋನ್ ಮಾಡಿದ್ರೆ ಬೇಜಾರಾಗ್ತಾರಾ? ಅಷ್ಟರಲ್ಲಿ ಬೇರೆಯವರಿಗೆ ಕೊಡಬೋದಾ? — ಓದುಗರು, ಹೊಸದುರ್ಗ

ಉತ್ತರ: ಎರಡು ತಿಂಗಳಿಗೆ ಒಂದು ಫೋನ್ ಮಾಡೋದರಲ್ಲಿ ಏನೂ ತಪ್ಪಿಲ್ಲ, 8 ತಿಂಗಳು ಕಾದಿದ್ದೇ ಜಾಸ್ತಿ. "ಓದಿದ್ರಾ" ಅಂತ ಕೇಳ್ಬೇಡಿ, ಓದಿರದಿದ್ರೆ ಅವರಿಗೆ ಮುಜುಗರ, "ಈ ವರ್ಷದ ಆಯ್ಕೆ ಆಯ್ತಾ ಸರ್, ಇಲ್ಲಾ ಅಂದ್ರೆ ನಾನು ಇನ್ನೊಂದು ತಂಡಕ್ಕೆ ತೋರಿಸ್ಲಾ" ಅಂತ ಕೇಳಿ. ಬೇರೆಯವರಿಗೆ ಧಾರಾಳವಾಗಿ ಕೊಡಿ, ಕೊಟ್ಟಿದೀನಿ ಅಂತ ಇಬ್ಬರಿಗೂ ಹೇಳಿ, ಒಬ್ರು ಒಪ್ಪಿದ ದಿನ ಇನ್ನೊಬ್ರಿಗೆ ತಿಳಿಸಿ. ಬೇಡ ಅಂದ್ರೆ ಯಾಕೆ ಬೇಡ ಅಂತ ಒಂದೇ ಒಂದು ಸಲ ಕೇಳಿ, ಹೇಳಿದ್ದನ್ನ ಬರ್ಕೊಳ್ಳಿ, ವಾದ ಮಾಡ್ಬೇಡಿ.

ಮತ್ತೆ ನೀವು ಹೊಸದುರ್ಗದೋರು, ಸಾಣೇಹಳ್ಳಿ ನಿಮ್ಮ ತಾಲೂಕಲ್ಲೇ ಇದೆ. ನವೆಂಬರಲ್ಲಿ ಉತ್ಸವದ ಅಷ್ಟೂ ಸಂಜೆ ಹೋಗಿ ಕೂರಿ, ಯಾವ ನಟ ಹೆಂಗೆ ಮಾತು ಒಪ್ಪಿಸ್ತಾರೆ, ನಿಮ್ಮ ಪಾತ್ರ ಯಾರ ಬಾಯಲ್ಲಿ ಚಂದ ಅಂತ ನೋಡ್ಕೊಂಡು ಬನ್ನಿ, ಮುಂದಿನ ಪತ್ರದಲ್ಲಿ ಅದನ್ನೇ ಬರೀರಿ. ಬಯಲು ರಂಗಮಂದಿರ, ರಾತ್ರಿ ಆಗ್ತಾ ಆಗ್ತಾ ಮೆಟ್ಟಿಲು ತಣ್ಣಗಾಗುತ್ತೆ, ಒಂದು ಶಾಲು ತಗೊಂಡು ಹೋಗಿ.